ಶಾಲು ಹೊದಿಸಿದ ಕೈಗಳೇ ಪಿಡಿಎಫ್ ಹಂಚಿದಾಗ

ಕಳೆದ ವರ್ಷ ನಮ್ಮ ಓದುಗರ ಬಳಗದಲ್ಲಿ ಒಂದು ಕಾದಂಬರಿಯ ಚರ್ಚೆ ಏರ್ಪಾಡಾಗಿತ್ತು. ಕರ್ನಾಟಕದಲ್ಲಿ ಆಗ ರಾತ್ರಿ ಹತ್ತೂವರೆ. ಆದರೂ ಲೇಖಕರು ನಿದ್ದೆಗೆಟ್ಟು ಜೂಮ್‌ನಲ್ಲಿ ನಮ್ಮೊಡನೆ ಕುಳಿತಿದ್ದರು. ಮಾತು ಮುಗಿಯುವ ಹೊತ್ತಿಗೆ ನಮ್ಮಲ್ಲೊಬ್ಬರು ಅಭಿಮಾನದಿಂದ, “ಸರ್, ನಿಮ್ಮ ಪುಸ್ತಕದ ಪಿಡಿಎಫ್ ನಮ್ಮೆಲ್ಲರ ಬಳಿಯೂ ಇದೆ” ಎಂದರು. ಲೇಖಕರು ಒಂದು ಕ್ಷಣ ಸುಮ್ಮನಿದ್ದು, “ಹೌದೇ? ನನ್ನ ಬಳಿಯೇ ಇಲ್ಲ. ನನಗೂ ಒಂದು ಕಳುಹಿಸಿ” ಎಂದು ನಕ್ಕರು. ನಾವೂ ನಕ್ಕೆವು. ಆ ಪಿಡಿಎಫ್ ಅನ್ನು ಬಳಗಕ್ಕೆ ರವಾನಿಸಿದವನು ನಾನು.

ಅಂದಿನಿಂದ ನನ್ನನ್ನು ಕಾಡುತ್ತಿರುವ ಲೆಕ್ಕವೊಂದಿದೆ. ಕನ್ನಡದಲ್ಲಿ ಲೇಖಕರ ಗೌರವಧನ ವಾಡಿಕೆಯಂತೆ ಮುಖಬೆಲೆಯ ಶೇಕಡಾ 10. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಇಪ್ಪತ್ತು ರೂಪಾಯಿ. ಸಾವಿರ ಪ್ರತಿಗಳು ಮಾರಾಟವಾದರೆ ಇಪ್ಪತ್ತು ಸಾವಿರ. ಅದೂ ವರ್ಷಗಳ ಕಾಲ ಹರಡಿಕೊಂಡು. ಮೂರು ನಾಲ್ಕು ವರ್ಷದ ದುಡಿಮೆಯ ಫಲವಿದು. ಅದೇ ಇನ್ನೂರು ರೂಪಾಯಿ ಇಲ್ಲಿ, ಬ್ರಿಟನ್ನಿನಲ್ಲಿ, ಎರಡು ಪೌಂಡಿಗೂ ಕಡಿಮೆ. ಲಂಡನ್ನಿನಲ್ಲಿ ಅಷ್ಟಕ್ಕೆ ಒಂದು ಲೋಟ ಕಾಫಿಯೂ ಬರುವುದಿಲ್ಲ. ಯುಗಾದಿಗೂ ರಾಜ್ಯೋತ್ಸವಕ್ಕೂ ಊರಿನಿಂದ ಬಂದ ಸಾಹಿತಿಗಳಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು, ಗಂಧದ ಹಾರ ಹಾಕುತ್ತೇವೆ. ಅವರ ಪುಸ್ತಕವನ್ನು ಮಾತ್ರ ‘ಗೌರವ ಪ್ರತಿ’ಯಾಗಿ ಅವರಿಂದಲೇ ಅಪೇಕ್ಷಿಸುತ್ತೇವೆ! ಯಾರು ಯಾರನ್ನು ಗೌರವಿಸುತ್ತಿದ್ದಾರೆಂಬುದು ನನಗೆ ಇನ್ನೂ ಸ್ಪಷ್ಟವಾಗಿಲ್ಲ.

“ಅಂಚೆವೆಚ್ಚ ಪುಸ್ತಕದ ಬೆಲೆಯನ್ನೇ ಮೀರುತ್ತದೆ, ಇಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ?” ಎಂಬ ಮಾತನ್ನು ನಾನೂ ಆಡಿದ್ದೇನೆ, ಅದು ಸುಳ್ಳೂ ಅಲ್ಲ. ಆದರೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ನಮ್ಮ ಪೆಟ್ಟಿಗೆಗಳಲ್ಲಿ ಉಪ್ಪಿನಕಾಯಿ, ಸಾರಿನಪುಡಿ, ಹಪ್ಪಳಗಳಿಗೆ ಯಾವತ್ತೂ ಸ್ಥಳದ ಅಭಾವವಾದುದಿಲ್ಲ. ಮೈಲ್ಯಾಂಗ್‌ನಂತಹ ಆಪ್‌ಗಳಲ್ಲಿ ಇ-ಪುಸ್ತಕಗಳನ್ನು ಹಣ ಕೊಟ್ಟು ಕೊಳ್ಳಲೂ ಸಾಧ್ಯವಿದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಅಲೆದು ಮಾರಿದರೆಂದು ಭಾಷಣಗಳಲ್ಲಿ ನೆನೆಯುವ ನಾವು, ಫೋನಿನಲ್ಲಿ ಎರಡು ಬಾರಿ ಬೆರಳಾಡಿಸಲೂ ಸಿದ್ಧರಿಲ್ಲವೆಂದರೆ ಹೇಗೆ?

ಹಾಗೆಂದು ಎಲ್ಲ ಪಿಡಿಎಫ್‌ಗಳೂ ಕಳ್ಳಮಾಲಲ್ಲ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡು ಅರವತ್ತು ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಗಳಗನಾಥರು 1942ರಲ್ಲಿ, ಬಿ.ಎಂ.ಶ್ರೀಯವರು 1946ರಲ್ಲಿ ಕಾಲವಾದರು. ಅವರ ಕೃತಿಗಳನ್ನು ನಿಸ್ಸಂಕೋಚವಾಗಿ ಹಂಚೋಣ. ಆದರೆ 1975ರಲ್ಲಿ ತೀರಿಕೊಂಡ ಡಿವಿಜಿಯವರ ಕೃತಿಗಳಿಗೆ 2035ರ ಕೊನೆಯವರೆಗೂ, 2007ರಲ್ಲಿ ಅಗಲಿದ ತೇಜಸ್ವಿಯವರ ಕೃತಿಗಳಿಗೆ 2067ರವರೆಗೂ ವಾರಸುದಾರರ ಹಕ್ಕಿದೆ. ನಮ್ಮ ನಡುವೆ ಬದುಕಿ ಬರೆಯುತ್ತಿರುವವರ ವಿಷಯವನ್ನಂತೂ ಹೇಳಬೇಕಾದ್ದೇ ಇಲ್ಲ.

ಓದುಗರೇ ಮುಂಗಡ ಹಣವಿತ್ತು ಪ್ರಕಾಶನವನ್ನು ನಿಲ್ಲಿಸುವ ಪರಿಪಾಠ ನಮಗೆ ಹೊಸದಲ್ಲ. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿಯೇ ಬೆಳೆಯಿತು. ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಅಲ್ಲಿಂದ. ಇತ್ತ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಅನ್ನು ಪ್ರಕಟಿಸಿದ್ದು ಲಂಡನ್ನಿನ ದೊಡ್ಡ ಸಂಸ್ಥೆಯಲ್ಲ. ಚಂದಾದಾರರ ಬೆಂಬಲವಿರುವ, ಶೆಫೀಲ್ಡ್‌ನ ಅಂಡ್ ಅದರ್ ಸ್ಟೋರೀಸ್ ಎಂಬ ಪುಟ್ಟ ಪ್ರಕಾಶನ. ಬಹುಮಾನದ 50,000 ಪೌಂಡನ್ನು ಲೇಖಕಿಯೂ ಅನುವಾದಕಿ ದೀಪಾ ಭಾಸ್ತಿಯವರೂ ಸಮನಾಗಿ ಹಂಚಿಕೊಂಡರು. ಅಂದು ನಾವೆಲ್ಲ ಸಿಹಿ ಹಂಚಿದೆವು. ಆ ಕಥೆಗಳ ಕನ್ನಡ ಪ್ರತಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ?

ಬ್ರಿಟನ್ನಿನಲ್ಲಿ 1979ರ ಕಾನೂನೊಂದರ ಪ್ರಕಾರ, ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕವೊಂದನ್ನು ಎರವಲು ಪಡೆದರೂ ಲೇಖಕರಿಗೆ ಕೆಲವು ಪೆನ್ಸ್ ಸಲ್ಲುತ್ತದೆ. ಭಾರತದಲ್ಲಿರುವ ನಮ್ಮ ಲೇಖಕರಿಗೆ ಅದು ದೊರೆಯದು. ಆದರೂ ಉಚಿತವಾಗಿ ಓದುವವನೂ ಬರೆದವರಿಗೆ ಋಣಿಯೆಂಬ ತತ್ತ್ವವನ್ನು ಈ ನೆಲ ಒಪ್ಪಿಕೊಂಡಿದೆ.

ಪುಸ್ತಕದಂಗಡಿಯ ವಿಷಯ. ಊರಿಗೆ ಹೋದಾಗ ಗಾಂಧಿಬಜಾರಿನ ಅಂಕಿತ ಪುಸ್ತಕದಂತಹ ಮಳಿಗೆಗೆ ಮಕ್ಕಳನ್ನು ಕರೆದೊಯ್ಯಿರಿ, ಮುಖಬೆಲೆಯನ್ನೇ ಕೊಡಿ. ರಿಯಾಯಿತಿಗಾಗಿ ಚೌಕಾಶಿ ಮಾಡಿದಾಗ ಕರಗುವುದು ಅಂಗಡಿಯವರ ತೆಳುವಾದ ಲಾಭವೇ. ಹೊಸ ಲೇಖಕರ ಮೊದಲ ಪುಸ್ತಕವನ್ನು ಮುಂದಿಟ್ಟು ‘ಇದನ್ನು ಓದಿ ನೋಡಿ’ ಎನ್ನುವವರು ಅವರಲ್ಲದೆ ಬೇರಾರಿದ್ದಾರೆ?

ನಮ್ಮ ಸಂಘದ ಸಮಿತಿಗೆ ನನ್ನ ಕೋರಿಕೆ ಇಷ್ಟು. ಸಾಹಿತ್ಯ ಕಾರ್ಯಕ್ರಮಗಳ ಆಯವ್ಯಯದಲ್ಲಿ ಶಾಲು-ಹಾರಗಳ ಜೊತೆಗೆ ಅತಿಥಿ ಲೇಖಕರ ಸಂಭಾವನೆಗೂ, ಅವರ ಕನಿಷ್ಠ ಇಪ್ಪತ್ತು ಪ್ರತಿಗಳ ಖರೀದಿಗೂ ಹಣ ಮೀಸಲಿಡಲಿ. ಜೂಮ್‌ನಲ್ಲಿ ಬಂದರೂ ಅದು ಅನ್ವಯಿಸಲಿ. ದುಡಿಮೆ ಎರಡರಲ್ಲಿಯೂ ಒಂದೇ. ವರ್ಷಕ್ಕೆರಡು ಬಾರಿ ಎಲ್ಲ ಕುಟುಂಬಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಅಂಗಡಿಯಿಂದ ತರಿಸಿದರೆ ಸಾಗಣೆಯ ಹೊರೆಯೂ ಹಗುರವಾದೀತು.

ಆ ಕಾದಂಬರಿಯ ಆರು ಪ್ರತಿಗಳನ್ನು ಈ ಬೇಸಗೆಯಲ್ಲಿ ಊರಿನಿಂದ ತಂದಿದ್ದೇನೆ. ಪಿಡಿಎಫ್ ಪಡೆದವರು ಹದಿನೇಳು ಮಂದಿ. ಉಳಿದ ಹನ್ನೊಂದು ಪ್ರತಿಗಳಿಗೆ ಡಿಸೆಂಬರಿನಲ್ಲಿ ಊರಿಗೆ ಹೊರಟವರು ಯಾರಾದರೂ ತಮ್ಮ ಪೆಟ್ಟಿಗೆಯಲ್ಲಿ ಸ್ಥಳ ಕೊಡುವಿರಾ? ಹಣವನ್ನು ನಾನು ಆಗಲೇ ಅಂಗಡಿಯವರಿಗೆ ಸಂದಾಯ ಮಾಡಿದ್ದೇನೆ.