ಬಾಣ ಎಳೆದ ಮಾತ್ರಕ್ಕ ಟೆಸ್ಟ್ ಆಗಂಗಿಲ್ಲ

1/5
ಮೊದಲ ಫೋಟೊ ಎಲ್ಲಿದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆಲಮಟ್ಟಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಡ್ಯಾಮು. ಮೊದಲು ನಮ್ಮ ಬಸವನ ಬಾಗೇವಾಡಿ ತಾಲೂಕಿನಾಗ ಇತ್ತು, ಈಗ ನಿಡಗುಂದಿ ತಾಲೂಕಿಗೆ ಸೇರೈತಿ. ಒಟ್ಟು 26 ಗೇಟು. ಗೇಟು ತೆಗೆದ ಸುದ್ದಿ ಬಂದರ ರೀಲ್ಸ್ ಮಾಡಾಕ ಅರ್ಧ ಜಿಲ್ಲಾನ ಅಲ್ಲಿ ನಿಂತಿರತೈತಿ. ಇವತ್ತು ಆ ಗೇಟನ್ನ ಇಟ್ಕೊಂಡು ಬ್ಯಾರೆ ಮಾತು ಹೇಳ್ತೀನಿ.

ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯಿಂದ ಬಿ.ಇ. ಮುಗಿಸಿ ಬೆಂಗಳೂರು, ಪುಣೆ ಸೇರಿದ ತಮ್ಮಂದಿರು, ತಂಗಿಯರು ಭಾಳ ಮಂದಿ ಇದನ್ನ ಓದ್ತೀರಿ. ವಿಮಾನ, ಕಾರು, ರೈಲು, ವೈದ್ಯಕೀಯ ಯಂತ್ರ, ಯಾವ ಪ್ರಾಜೆಕ್ಟ್ ಇದ್ದರೂ ಹೊಸಬರಿಗೆ ಕೊಡೋ ಕೆಲಸ ಒಂದೈತಿ: "ಇಲ್ಲಿ 400 ರಿಕ್ವೈರ್‌ಮೆಂಟ್ ಅದಾವು, ಅಲ್ಲಿ 600 ಟೆಸ್ಟ್ ಕೇಸ್ ಅದಾವು, ಶುಕ್ರವಾರದೊಳಗ ಲಿಂಕ್ ಮಾಡಿಬಿಡು." ಎಲ್ಲಾರೂ ಇದನ್ನ ಕಾರಕೂನಿ ದಗದ ಅಂತ ತಿಳಿದಾರ. ನನ್ನ ಅಭಿಪ್ರಾಯ ಪೂರಾ ಉಲ್ಟಾ. ಇಡೀ ಪ್ರಾಜೆಕ್ಟಿನಾಗ ಇಷ್ಟು ಜವಾಬ್ದಾರಿಯ ಕೆಲಸ ಇನ್ನೊಂದಿಲ್ಲ, ಅದನ್ನ ನಾವು ಅತಿ ಹೊಸಬರ ಕೈಗೆ, ಅತಿ ಕಡಿಮೆ ಟೈಮ್ ಕೊಟ್ಟು ಮಾಡಸ್ತೀವಿ.

2/5
ಗೊತ್ತಿಲ್ಲದವರಿಗೆ ಒಂದೇ ಮಾತಿನಾಗ. ರಿಕ್ವೈರ್‌ಮೆಂಟ್ ಅಂದ್ರ ಯಂತ್ರ ಏನು ಮಾಡಬೇಕು ಅಂತ ಬರೆದ ವಾಕ್ಯ. ಟೆಸ್ಟ್ ಕೇಸ್ ಅಂದ್ರ ಅದನ್ನ ಮಾಡ್ತದೋ ಇಲ್ಲೋ ನೋಡೋ ಪರೀಕ್ಷೆ. ಸಿಸ್‌ಎಂಎಲ್ ಅನ್ನೋ ಮಾಡೆಲಿಂಗ್ ಭಾಷೆಯಲ್ಲಿ ಇವೆರಡರ ನಡುವೆ ಒಂದು ಬಾಣ ಎಳೆಯುತ್ತಾರೆ, ಅದರ ಹೆಸರು ವೆರಿಫೈ. ಇನ್ನೊಂದು ಬಾಣ ಸ್ಯಾಟಿಸ್ಫೈ. ಅದು ವಿನ್ಯಾಸದ ಭಾಗದಿಂದ ರಿಕ್ವೈರ್‌ಮೆಂಟಿಗೆ ಹೋಗುತ್ತದೆ. "ಇದನ್ನ ಈಡೇರಿಸಾಕ ಈ ಭಾಗ ಇಟ್ಟೀವಿ" ಅನ್ನೋದು ಸ್ಯಾಟಿಸ್ಫೈ. "ಈಡೇರಿತು ಅಂತ ಹಿಂಗ ನೋಡಿದ್ವಿ" ಅನ್ನೋದು ವೆರಿಫೈ. ಇವೆರಡನ್ನ ಕಲಸಿಬಿಟ್ಟ ಮಾಡೆಲ್‌ಗಳು ಬೇಕಾದಷ್ಟು ಅದಾವು, ಆ ಕಥಿ ಇನ್ನೊಮ್ಮೆ.

3/5
ಈಗ ಗೇಟಿಗೆ ಬರೋಣ. ಉದಾಹರಣೆಗೆ ನಾನೇ ಒಂದು ರಿಕ್ವೈರ್‌ಮೆಂಟ್ ಬರೀತೀನಿ: "ಜಲಾಶಯ ಪೂರ್ತಿ ತುಂಬಿರುವಾಗ, ಮುಖ್ಯ ವಿದ್ಯುತ್ ಹೋದಾಗ, ಜನರೇಟರ್ ಮೇಲೆ ಗೇಟು 20 ನಿಮಿಷದೊಳಗೆ ಪೂರ್ತಿ ತೆರೆಯಬೇಕು." (ಇದು ಆಲಮಟ್ಟಿಯ ದಾಖಲೆ ಅಲ್ಲ, ನನ್ನ ಲೆಕ್ಕ.) ಇದಕ್ಕ ಟೆಸ್ಟ್ ಕೇಸ್: "ಗೇಟು ತೆರೆದು ಟೈಮ್ ನೋಡು." ಟೆಸ್ಟ್ ಮಾಡಿದ್ದು ಮೇ ತಿಂಗಳಾಗ. ಬ್ಯಾಸಗಿ, ನೀರು ತಳಕ್ಕ ಇಳಿದೈತಿ, ಕರೆಂಟ್ ಐತಿ. ಗೇಟು 14 ನಿಮಿಷದಾಗ ತೆರೀತು. ಪಾಸ್. ಬಾಣ ಎಳೆದ್ರು, ಚೌಕ ಹಸಿರಾತು.

ಆ ಹಸಿರು ಖರೇನ? ವಾಕ್ಯದಾಗ ಮೂರು ಷರತ್ತು ಇದ್ವು: ತುಂಬಿದ ನೀರು, ಕರೆಂಟ್ ಇಲ್ಲ, 20 ನಿಮಿಷ. ಟೆಸ್ಟ್ ನೋಡಿದ್ದು ಮೂರನೇದನ್ನ ಮಾತ್ರ, ಅದೂ ಗೇಟಿನ ಮೇಲೆ ನೀರಿನ ವಜ್ಜೆ ಇಲ್ಲದಾಗ. ಗೇಟಿನ ಮುಂದೆ ನೀರಿನ ಆಳ ಎರಡು ಪಟ್ಟಾದರೆ ಅದರ ಮೇಲಿನ ಒಟ್ಟು ಒತ್ತಡದ ಬಲ ನಾಲ್ಕು ಪಟ್ಟಾಗುತ್ತದೆ. ಮೇ ತಿಂಗಳ 14 ನಿಮಿಷ ಆಗಸ್ಟ್ ತಿಂಗಳ ಬಗ್ಗೆ ಏನೂ ಹೇಳಂಗಿಲ್ಲ. ಆದರೂ ಮಾಡೆಲ್‌ನಾಗ ಮಾತ್ರ 100% ಕವರೇಜ್.

ಗೇಟಿನ ವಿಷಯ ಸಣ್ಣದಲ್ಲರಿ. ಹೊಸಪೇಟೆಯ ತುಂಗಭದ್ರಾ ಡ್ಯಾಮಿಗೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ, ಡ್ಯಾಮು ತುಂಬಿ ನಿಂತಾಗ, 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ಆ ಬಾಯಿ ಮುಚ್ಚುವಷ್ಟರಲ್ಲಿ ಸುಮಾರು ಒಂದು ವಾರ. ಅಷ್ಟೂ ದಿನ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರು ತಮ್ಮ ಬೆಳೆಯ ನೀರು ಹೊಳಿಗೆ ಹರಿದು ಹೋಗೋದನ್ನ ನೋಡ್ತಾ ನಿಂತಿದ್ರು. ಗೇಟಿನ ಖರೇ ಪರೀಕ್ಷೆ ನಡೆಯೋದು ಡ್ಯಾಮು ತುಂಬಿದಾಗ, ಬ್ಯಾಸಗ್ಯಾಗ ಅಲ್ಲ.

4/5
"ಇದು ಡ್ಯಾಮಿನ ಮಾತು, ನಮ್ಮದು ಸಾಫ್ಟ್‌ವೇರ್" ಅಂತೀರಾ? 1996ರ ಜೂನ್ 4. ಯುರೋಪಿನ ಆರಿಯಾನ್ 5 ರಾಕೆಟ್‌ನ ಮೊದಲ ಹಾರಾಟ. ಎದ್ದು 40 ಸೆಕೆಂಡಿನ ಆಸುಪಾಸಿಗೆ ಚೂರುಚೂರು. ದಿಕ್ಕು ತಿಳಿಸುವ ಸಾಧನ ಆರಿಯಾನ್ 4ರಿಂದ ತಂದದ್ದು, ಅಲ್ಲಿ ಚೆನ್ನಾಗೇ ನಡೆದಿತ್ತು. ತನಿಖಾ ವರದಿ ಏನು ಹೇಳಿತು ಗೊತ್ತೇನು? ಆ ಸಾಧನದ ರಿಕ್ವೈರ್‌ಮೆಂಟ್‌ಗಳಲ್ಲಿ ಆರಿಯಾನ್ 5 ಹಾರುವ ಪಥದ ಮಾಹಿತಿ ಇರಲೇ ಇಲ್ಲ, ಆ ಪಥ ಕೊಟ್ಟು ಯಾರೂ ಟೆಸ್ಟ್ ಮಾಡಿರಲೂ ಇಲ್ಲ. ತಪ್ಪು ಹುಟ್ಟಿದ ಕೋಡ್ ಭಾಗಕ್ಕೆ ಆರಿಯಾನ್ 5ರಲ್ಲಿ, ನೆಲ ಬಿಟ್ಟ ಮೇಲೆ, ಕೆಲಸವೇ ಇರಲಿಲ್ಲ. ಹಳೇ ರಾಕೆಟ್‌ನ ರಿಕ್ವೈರ್‌ಮೆಂಟಿನ ಬಾಲ ಅದು. ಲಿಂಕ್ ಎರಡೂ ಕಡೆಯಿಂದ ಓದಬೇಕು ಅನ್ನೋದು ಇದಕ್ಕೇ: ಈ ರಿಕ್ವೈರ್‌ಮೆಂಟಿಗೆ ಟೆಸ್ಟ್ ಐತೇನು? ಈ ಭಾಗ ಯಾವ ರಿಕ್ವೈರ್‌ಮೆಂಟಿಗಾಗಿ ಐತಿ?

ನಮ್ಮವರದೇ ಒಳ್ಳೆ ಉದಾಹರಣೆ ಚಂದ್ರಯಾನ-3. ಚಂದ್ರಯಾನ-2ರ ಲ್ಯಾಂಡರ್ 2019ರಲ್ಲಿ ಬಿದ್ದ ಮೇಲೆ ಇಸ್ರೊ ರಿಕ್ವೈರ್‌ಮೆಂಟನ್ನೇ ಬದಲಿಸಿತು. ಇಳಿಯುವ ಜಾಗ 500 ಮೀಟರ್ ಚೌಕದಿಂದ 4 ಕಿ.ಮೀ. × 2.4 ಕಿ.ಮೀ.ಗೆ ಹಿಗ್ಗಿತು. ಕಾಲುಗಳು ತಡೆಯಬೇಕಾದ ವೇಗ ಸೆಕೆಂಡಿಗೆ 2 ಮೀಟರ್ ಇದ್ದದ್ದು 3 ಆಯಿತು. ಆಮೇಲೆ ಚಂದ್ರನ ಮಣ್ಣಿನಂಥ ಹಾಸು ಮಾಡಿ, ಬೇರೆ ಬೇರೆ ರೀತಿ ಇಳಿದಾಗ ಏನಾಗ್ತದೆ ಅಂತ ಕಾಲುಗಳನ್ನ ಪರೀಕ್ಷಿಸಿದರು. ಸೆನ್ಸರ್‌ಗಳನ್ನ ಹೆಲಿಕಾಪ್ಟರ್‌ಗೆ ಕಟ್ಟಿ ಹಾರಿಸಿದರು. 2023ರ ಆಗಸ್ಟ್ 23ರ ಸಂಜೆ ನೀವೂ ನೋಡಿದ್ರಿ.

5/5
ಇನ್ನೊಂದು. ಆಲಮಟ್ಟಿಯ ಎತ್ತರ ಈಗ 519.60 ಮೀಟರ್. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿತು. ಎತ್ತರಿಸುವ ದಿನ ಬಂದರೆ ಆ ಒಂದು ಅಂಕಿ ಬದಲಾದದ್ದಕ್ಕೆ ಯಾವ ಯಾವ ಹಳೇ ಟೆಸ್ಟ್ ಸತ್ತುಹೋದವು? ಇದನ್ನ ಹೇಳೋದು ಲಿಂಕ್ ಮಾತ್ರ. ಒಳ್ಳೆ ಟೂಲ್‌ಗಳಲ್ಲಿ ರಿಕ್ವೈರ್‌ಮೆಂಟ್ ತಿದ್ದಿದ ಕೂಡಲೇ ಅದಕ್ಕೆ ಜೋಡಿಸಿದ ಲಿಂಕ್ "ಸಂಶಯ" ಅಂತ ಗುರುತಾಗುತ್ತದೆ. ಆ ಗುರುತನ್ನ ಓದದೇ ಕ್ಲಿಕ್ ಮಾಡಿ ಅಳಿಸೋರೂ ಅದಾರ. ರಿವ್ಯೂ ಹಿಂದಿನ ರಾತ್ರಿ, ಚಹಾ ಕುಡಕೋತ, ನೂರಾರು.

ಟೂಲ್ ತುಟ್ಟಿದು ಬೇಕಂತಿಲ್ಲ. ರಿಕ್ವೈರ್‌ಮೆಂಟ್ ನೂರರೊಳಗಿದ್ದರ ಎಕ್ಸೆಲ್ ಸಾಕು, ಬೇಕಾದ್ರ ಬೈರಿ ನನಗ. ನಾನು ಕೇಳೋದು ಒಂದೇ: ಪ್ರತಿ ಬಾಣದ ಮೇಲೆ ಒಂದು ಸಾಲು ಬರೀರಿ, "ಈ ಟೆಸ್ಟ್ ಪಾಸಾದರೆ ಈ ವಾಕ್ಯವನ್ನ ಯಾಕೆ ನಂಬಬೇಕು." ಬರೆಯೋಕೆ ಆಗದಿದ್ದರೆ ಬಾಣ ಎಳೀಬ್ಯಾಡ್ರಿ. ವಾಕ್ಯದ ಒಂದು ತುಣುಕು ಮಾತ್ರ ನೋಡಿದ್ದರ ವಾಕ್ಯ ಒಡೆದು ಎರಡು ಮಾಡಸ್ರಿ. ಸಿಸ್‌ಎಂಎಲ್‌ನಾಗ ಟೆಸ್ಟಿನ ತೀರ್ಪು ಪಾಸ್, ಫೇಲ್ ಎರಡೇ ಅಲ್ಲ, "ತೀರ್ಮಾನ ಆಗಿಲ್ಲ" ಅನ್ನೋದೂ ಐತಿ. ಅದನ್ನ ಬಳಸಾಕ ನಾಚಿಕಿ ಯಾಕ?

ಟೈಮ್ ಇಲ್ಲ ಅಂತಾರ, ಖರೇ. ಹಂಗಾರ ಶುಕ್ರವಾರ ಸಂಜೆ ಮ್ಯಾನೇಜರ್‌ಗೆ ಹಿಂಗ ಹೇಳ್ರಿ: "ಸರ್, 400ರಾಗ 310ಕ್ಕ ಕಾರಣ ಬರೆದು ಲಿಂಕ್ ಮಾಡೀನಿ. 52 ಅರ್ಧಮರ್ಧ ಟೆಸ್ಟ್ ಆಗ್ಯಾವು. 38ಕ್ಕ ಟೆಸ್ಟೇ ಇಲ್ಲ. ಆ 38ರ ಪಟ್ಟಿ ನಿಮಗ ಮೇಲ್ ಮಾಡೀನಿ."

#ಆಲಮಟ್ಟಿ #ಬಸವನಬಾಗೇವಾಡಿ #ಕನ್ನಡದಲ್ಲಿಎಂಜಿನಿಯರಿಂಗ್ #ಟೆಸ್ಟಿಂಗ್