ಯಾರೂ ಬರೆಯದ ಅಕ್ಷರ

ಒಂದು ಅಕ್ಷರ ಇದೆ. ಎಡಗಡೆ ಬಿಲ್ಲು, ಬಲಗಡೆ ಅಣ್ಣ. ಚೀನೀ ಲಿಪಿಯಲ್ಲಿ ಬಿಲ್ಲಿಗೊಂದು ಗುರುತು, ಅಣ್ಣನಿಗೊಂದು ಗುರುತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಈ ಅಕ್ಷರ. ನಮ್ಮ ಹಾಸ್ಟೆಲಿನಲ್ಲಿ ಕೇಳಿದರೆ 'ಬಿಲ್ಲು ಹಿಡಿದ ಅಣ್ಣ ಅಂದ್ರೆ ರಾಮ ಕಣೋ' ಅಂತ ಅರ್ಥ ಹೇಳಿಬಿಡ್ತಾರೆ. ತಮಾಷೆ ಏನಂದ್ರೆ, ಅದು ತಪ್ಪು ಅಂತ ಸಾಧಿಸೋಕೆ ಯಾವ ಪಂಡಿತರಿಂದಲೂ ಆಗಲ್ಲ. ಏಕೆಂದರೆ ಈ ಅಕ್ಷರಕ್ಕೆ ಗೊತ್ತಿರುವ ಅರ್ಥವೇ ಇಲ್ಲ. ಇದು ಯಾವ ಊರಿನ ಹೆಸರಿನಿಂದ, ಯಾರ ಹೆಸರಿನಿಂದ ಬಂತು ಅನ್ನೋದಕ್ಕೂ ಆಧಾರ ಸಿಕ್ಕಿಲ್ಲ. ಆದರೂ ಕಂಪ್ಯೂಟರ್ ಲೋಕದಲ್ಲಿ ಇದಕ್ಕೊಂದು ಕಾಯಂ ವಿಳಾಸ ಇದೆ: ಯುನಿಕೋಡ್ ಸಂಖ್ಯೆ 5ಎಫ್41.

ಅರ್ಥವೇ ಇಲ್ಲದ್ದು ಒಳಗೆ ಹೇಗೆ ಬಂತು? 1978ರಲ್ಲಿ ಜಪಾನ್ ತನ್ನ ಕಂಪ್ಯೂಟರುಗಳಿಗಾಗಿ ಒಂದು ಅಕ್ಷರ ಮಾನಕ ಹೊರಡಿಸಿತು. ಚೀನಾದಿಂದ ಬಂದ ಅಕ್ಷರಗಳನ್ನು ಅಲ್ಲಿ ಕಾಂಜಿ ಅನ್ನುತ್ತಾರೆ. ಅಂಥ 6,349 ಕಾಂಜಿಗಳಿಗೆ ಆ ಮಾನಕದಲ್ಲಿ ನಂಬರ್ ಸಿಕ್ಕಿತು. ಅಕ್ಷರಗಳನ್ನು ಆರಿಸಿದ್ದು ಬೇರೆ ಬೇರೆ ಪಟ್ಟಿಗಳಿಂದ: ಸರ್ಕಾರಿ ಕಡತಗಳ ಪಟ್ಟಿ, ಜನರ ಹೆಸರುಗಳ ಪಟ್ಟಿ, ದೇಶದ ಊರುಗಳ ಪಟ್ಟಿ. ಆದರೆ ಯಾವ ಅಕ್ಷರ ಯಾವ ಊರಿನದು, ಯಾರ ಹೆಸರಿನದು ಅನ್ನೋದನ್ನು ಮಾನಕದ ಜೊತೆಗೆ ಬರೆದಿಡಲಿಲ್ಲ. ಮುಂದೆ ಓದುಗರು ನಿಘಂಟು ತೆರೆದು ನೋಡಿದಾಗ ಕೆಲವು ಅಕ್ಷರಗಳ ಸುಳಿವೇ ಇಲ್ಲ. ಜಪಾನೀಯರು ಅವಕ್ಕೆ ಇಟ್ಟ ಹೆಸರು ಯೂರೇ ಮೋಜಿ. ಅಂದರೆ ದೆವ್ವದ ಅಕ್ಷರ.

1997ರಲ್ಲಿ ಮಾನಕವನ್ನು ಪರಿಷ್ಕರಿಸುವಾಗ ಸಸಹರ ಹಿರೋಯುಕಿ ಮೊದಲಾದ ಸಂಶೋಧಕರು ಹಳೆಯ ಪಟ್ಟಿಗಳಿಗೆ ವಾಪಸ್ ಹೋಗಿ ಹುಡುಕಿದರು. ಮೂಲ ಸರಿಯಾಗಿ ಗೊತ್ತಾಗದೆ ಉಳಿದವು ಹನ್ನೆರಡು. ಅವುಗಳಲ್ಲೂ ಬಹುತೇಕ ಅಕ್ಷರಗಳು ಎಲ್ಲಿಂದ ಬಂದಿರಬಹುದು ಅನ್ನೋದಕ್ಕೆ ಏನಾದರೊಂದು ಸುಳಿವು ಸಿಕ್ಕಿತು. ಏನೂ ಸಿಗದೆ ಉಳಿದದ್ದು ನಮ್ಮ ಬಿಲ್ಲಣ್ಣ ಒಬ್ಬನೇ.

ಅವನಿಗೆ ಉಚ್ಚಾರಣೆ ಮಾತ್ರ ಇದೆ, ಅದೂ ಸಾಲದ್ದು. ಚೀನೀ ಅಕ್ಷರಗಳಲ್ಲಿ ಹೆಚ್ಚಿನವು ಎರಡು ಭಾಗದವು: ಒಂದು ಅರ್ಥದ ಕಡೆ ಕೈ ತೋರಿಸುತ್ತೆ, ಇನ್ನೊಂದು ಧ್ವನಿಯ ಕಡೆ. 'ಹಾಡು' ಅನ್ನುವ ಕಾಂಜಿಯಲ್ಲೂ ಇದೇ ಅಣ್ಣನ ಭಾಗ ಇದೆ. ಅದನ್ನು ಜಪಾನಿನಲ್ಲಿ 'ಕ' ಅಂತ ಓದುತ್ತಾರೆ. ಹಾಗಾಗಿ ಇದಕ್ಕೂ 'ಕ' ಅಂತಲೇ ಇಟ್ಟರು. ಯಾರ ಬಾಯಲ್ಲೂ ಕೇಳಿ ಬರೆದದ್ದಲ್ಲ, ಆಕಾರ ನೋಡಿ ಊಹಿಸಿದ್ದು.

'ಒಂದು ಅಕ್ಷರ ಹೆಚ್ಚಾದರೆ ಯಾರ ಗಂಟು ಹೋಯ್ತು?' ಅಂತ ನೀವು ಕೇಳಬಹುದು. ಹಾಗಾದರೆ ಹನ್ನೆರಡರಲ್ಲಿ ಇನ್ನೊಂದರ ಕತೆ ಕೇಳಿ. ಜಪಾನಿನ ಶಿಗಾ ಪ್ರಾಂತ್ಯದ ತಾಗಾ ಪಟ್ಟಣದಲ್ಲಿ ಅಕೆಂಬರಾ ಅನ್ನೋ ಜಾಗ ಇದೆ. ಅದರ ಹೆಸರಿನ ಮೊದಲ ಅಕ್ಷರದಲ್ಲಿ ಮೇಲೆ ಬೆಟ್ಟ, ಕೆಳಗೆ ಹೆಣ್ಣು. ಪಟ್ಟಿ ತಯಾರಿಸುವಾಗ ಈ ಅಚ್ಚು ಇರಲಿಲ್ಲ. ಬೆಟ್ಟದ ಚೂರು, ಹೆಣ್ಣಿನ ಚೂರು ಕತ್ತರಿಸಿ ಒಂದರ ಕೆಳಗೊಂದು ಅಂಟಿಸಿದರು. ನಕಲು ತೆಗೆದಾಗ ಕಾಗದದ ಅಂಚಿನ ನೆರಳು ನಡುವೆ ಗೆರೆಯಾಗಿ ಬಿತ್ತು. ಮುಂದಿನವರು ಆ ಗೆರೆಯೂ ಅಕ್ಷರದ್ದೇ ಅಂದುಕೊಂಡರು. ಮಾನಕಕ್ಕೆ ಸೇರಿದ್ದು ನೆರಳಿದ್ದ ಅಕ್ಷರ. ಊರಿನ ನಿಜವಾದ ಅಕ್ಷರ ಹೊರಗೇ ಉಳಿಯಿತು. ಯುನಿಕೋಡಿನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 2001ರಲ್ಲಿ. ಒಂದು ಕಾಗದದ ಅಂಚು ಒಂದು ಊರಿನ ಹೆಸರನ್ನು ಅಷ್ಟು ಕಾಲ ಬಾಗಿಲಲ್ಲಿ ನಿಲ್ಲಿಸಿತು.

ಈಗ ಇವನ್ನು ಅಳಿಸಿಬಿಡಬಹುದಲ್ವಾ? ಆಗಲ್ಲ. ಯುನಿಕೋಡ್ ಒಮ್ಮೆ ಸೇರಿಸಿದ ಅಕ್ಷರವನ್ನು ತೆಗೆಯುವುದಿಲ್ಲ, ಕೊಟ್ಟ ಹೆಸರನ್ನು ಬದಲಿಸುವುದಿಲ್ಲ. ಈ ನಿಯಮವನ್ನು ನಾವು ಬೈಯುವುದಿಲ್ಲ. ನಂಬರುಗಳು ದಿನಕ್ಕೊಂದು ಅರ್ಥ ಕೊಟ್ಟರೆ ನಿನ್ನೆ ಉಳಿಸಿದ ಫೈಲ್ ನಾಳೆ ಓದೋಕಾಗಲ್ಲ. ನಿಯಮ ಸರಿಯೇ. ಆದರೆ ತಪ್ಪು ಅಳಿಯದ ಕಡೆ ಒಳಗೆ ಬಿಡುವಾಗಲೇ ಎಚ್ಚರ ಬೇಕು.

ಇದು ಬರೀ ಜಪಾನಿನ ಪಾಡು ಅಂತ ನಗಬೇಡಿ. ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲಿಗೆ ೞ ಅಕ್ಷರ ಕೊಟ್ಟು ಹೆಸರು ಕೇಳಿ. 'ಕನ್ನಡ ಲೆಟರ್ ಫಾ' ಅನ್ನುತ್ತೆ! ೞ ಎಲ್ಲಿ, ಫ ಎಲ್ಲಿ? ಇದು ಹಳಗನ್ನಡದ ಅಕ್ಷರ. 13ನೇ ಶತಮಾನದ ಕೇಶಿರಾಜ ಇದನ್ನು ಳಕಾರದಿಂದ ಬೇರೆ ಮಾಡಿ ಹೇಳಿದ್ದಾನೆ. ನಮ್ಮ ಕೋಳಿ ಆಗ ಕೋೞಿ ಆಗಿತ್ತು. ತಮಿಳು, ಮಲಯಾಳಂಗಳಲ್ಲಿ ಇದಕ್ಕೆ ಸಮನಾದ ಅಕ್ಷರ ಇಂದಿಗೂ ಬಳಕೆಯಲ್ಲಿದೆ. ಯುನಿಕೋಡಿನವರು ತಪ್ಪು ಒಪ್ಪಿಕೊಂಡು ಸರಿಯಾದ ಹೆಸರನ್ನು ಪರ್ಯಾಯ ಹೆಸರಾಗಿ ಸೇರಿಸಿದ್ದಾರೆ. ಮೂಲ ಹೆಸರು ಮಾತ್ರ ಹಾಗೇ ಇದೆ, ಇರುತ್ತೆ.

ಎರಡಕ್ಕೂ ಒಂದು ವ್ಯತ್ಯಾಸ ಗಮನಿಸಿ. ೞಕ್ಕೆ ಹೆಸರು ತಪ್ಪಿದರೂ ಅದು ಏನು ಅಂತ ಹೇಳಲು ಶಾಸನಗಳಿವೆ, ಕಾವ್ಯಗಳಿವೆ, ಕೇಶಿರಾಜ ಇದ್ದಾನೆ. ಬಿಲ್ಲಣ್ಣನ ಪರ ಸಾಕ್ಷಿ ಹೇಳಲು ಒಂದು ಚೀಟಿಯೂ ಇಲ್ಲ. 1978ಕ್ಕೆ ಮೊದಲು ಪಟ್ಟಿ ಮಾಡಿದವರು ಪಕ್ಕದಲ್ಲಿ ಊರಿನ ಹೆಸರನ್ನೋ ಪುಟದ ಸಂಖ್ಯೆಯನ್ನೋ ಒಂದು ಸಾಲು ಗೀಚಿದ್ದರೆ ಸಾಕಿತ್ತು.

ಅದಕ್ಕೇ ನಮ್ಮ ಅಭಿಪ್ರಾಯ ಇದು. ಎಂಟ್ರಿ ಮಾಡುವುದು ಗುಮಾಸ್ತರ ಕೆಲಸ, ಡಿಸೈನ್ ಮಾಡುವುದು ಎಂಜಿನಿಯರ್ ಕೆಲಸ ಅಂತ ನಾವು ಮನಸ್ಸಿನಲ್ಲೇ ಒಂದು ಗೋಡೆ ಕಟ್ಟಿಕೊಂಡಿದ್ದೇವೆ. ಪ್ರಾಜೆಕ್ಟ್ ಕೋಡಿನಲ್ಲಿ 0.73 ಅಂತ ಒಂದು ಸಂಖ್ಯೆ ಕೂತಿರುತ್ತೆ. ಎಲ್ಲಿಂದ ಬಂತು ಅಂದರೆ 'ಸೀನಿಯರ್ ಹಾಕಿದ್ರು' ಅನ್ನುತ್ತೇವೆ. ಆ ಸೀನಿಯರ್ ಅದನ್ನು ಅವರ ಸೀನಿಯರಿಂದ ಎತ್ತಿರುತ್ತಾರೆ. ಆ 0.73 ಕೂಡ ದೆವ್ವವೇ.

ಕನ್ನಡ ಸಂಘದವರಾದ ನಮಗೆ ಇದು ಇನ್ನೂ ಹತ್ತಿರದ ಮಾತು. ಹಳೆಯ ಪುಸ್ತಕ ಟೈಪ್ ಮಾಡುವಾಗ ಮಸುಕಾದ ಅಕ್ಷರ ಬಂದರೆ ಊಹಿಸಿ ತುಂಬಿಬಿಡುವುದು ಸುಲಭ. ೞ ಕಂಡರೆ 'ಳ ಇರಬೇಕು ಬಿಡು' ಅನ್ನುವುದು ಇನ್ನೂ ಸುಲಭ. ನಾಳೆ ಹುಡುಕುವವರಿಗೆ ಸಿಗುವುದು ನಮ್ಮ ಊಹೆ, ಪುಸ್ತಕ ಅಲ್ಲ. ಓದಲು ಆಗದಿದ್ದರೆ 'ಓದಲಾಗಲಿಲ್ಲ' ಅಂತ ಗುರುತು ಹಾಕೋಣ, ಪುಟದ ಸಂಖ್ಯೆ ಬರೆಯೋಣ. ಗೊತ್ತಿಲ್ಲ ಅಂತ ಬರೆಯುವುದು ನಾಚಿಕೆಯಲ್ಲ. ಗೊತ್ತಿದ್ದಂತೆ ಬರೆದರೆ ಅದನ್ನು ಹೊರುವವರು ನಮ್ಮ ನಂತರದವರು.