ಜೂಜಿನ ಚಟಕ್ಕೆ ದವಾಖಾನೆಯಲ್ಲಿ ಮದ್ದುಂಟು



ಮಳಿ ಕೈಕೊಟ್ಟು, ಧಾರಣಿ ಬಿದ್ದು ಆದ ಸಾಲವನ್ನು ಯಲಬುರ್ಗಾ ಸೀಮೆಯ ನಾವು ಕಟ್ಟೆಯ ಮೇಲೆ ಕುಂತು ಹೇಳಿಕೊಳ್ಳುತ್ತೇವೆ. ಓಸಿ, ಇಸ್ಪೀಟು, ಮೊಬೈಲ್ ಜೂಜಿನ ಸಾಲವನ್ನು ಮಾತ್ರ ಮುಚ್ಚಿಡುತ್ತೇವೆ.

ಕಳೆದ ರೊಕ್ಕ ಗೆಲ್ಲಲೆಂದೇ ಮತ್ತೆ ಆಡುವುದು, ಮನೆಯಲ್ಲಿ ಸುಳ್ಳು ಹೇಳುವುದು, ಬಿಡಬೇಕೆಂದರೂ ಬಿಡಲಾಗದಿರುವುದು: ಇವು ರೋಗದ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಈ ಚಟ ಸೇರಿದೆ. ಬೈದರೆ, ಬಡಿದರೆ ವಾಸಿಯಾದೀತೇ? ಚಟ ಉಳಿಸಿ ಸಾಲ ತೀರಿಸಿದರೆ ಮತ್ತೆ ಹೊಲವೇ ಅಡವು.

2025ರಲ್ಲಿ ಕೇಂದ್ರ ಸರ್ಕಾರ ಮೊಬೈಲಿನ ಹಣದಾಟ ನಿಷೇಧಿಸುವ ಕಾಯ್ದೆ ತಂದಿತು. ಕಾಯ್ದೆಯೊಂದೇ ಚಟ ಬಿಡಿಸದು. 14416ಕ್ಕೆ ಪುಕ್ಕಟೆ ಫೋನ್ ಮಾಡಿರಿ. ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ.

ನಿದ್ದಿ ಬರವಲ್ದೆಂದು ತಾಲೂಕು ದವಾಖಾನೆಗೆ ಹೋದವನನ್ನು ಡಾಕ್ಟರು "ಜೂಜು ಆಡ್ತೀಯೇನಪ್ಪಾ? ಸಾಲ ಎಷ್ಟೈತಿ?" ಎಂದೂ ಕೇಳಲಿ. ಇದು ನಮ್ಮ ಹಕ್ಕೊತ್ತಾಯ.